ಮುರಕ್ಕಬಾತಿಗೆ ಮಕ್ಕಳು ಬಂದದ್ದು ಯಾವಾಗ?

ಕಳೆದ ತಿಂಗಳು ತರಗತಿಯಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದ್ದೆ: "ನಿಮ್ಮ ಮನೆಯಿಂದ ಮೊತ್ತಮೊದಲು ಈ ದೇಶಕ್ಕೆ ಬಂದವರು ಯಾರು?" ಹೆಚ್ಚಿನವರು ಅಪ್ಪ ಎಂದರು. ಒಬ್ಬ ಹುಡುಗ ಅಮ್ಮ ಎಂದ. ಅವನ ಅಮ್ಮ ನರ್ಸ್, ಅಪ್ಪ ಆಮೇಲೆ ಬಂದವರು. ಮೂರ್ನಾಲ್ಕು ಮಕ್ಕಳು ಅಜ್ಜ ಎಂದರು. ಅವರಲ್ಲಿ ಮುರಕ್ಕಬಾತಿನಲ್ಲಿ ಮನೆ ಇರುವ ಒಬ್ಬಳು ಹುಡುಗಿ ಕೈ ಕೆಳಗಿಳಿಸದೆ ಮತ್ತೊಂದು ಪ್ರಶ್ನೆ ಕೇಳಿದಳು: "ಟೀಚರ್, ಅಜ್ಜ ಇಲ್ಲಿ ಹತ್ತೊಂಬತ್ತು ವರ್ಷ ಇದ್ರಂತೆ. ಅಜ್ಜಿ ಒಂದ್ಸಲ ಕೂಡ ಬರ್ಲಿಲ್ಲ. ನಮ್ಮಪ್ಪನನ್ನೂ ಕರ್ಕೊಂಡು ಬರ್ಲಿಲ್ಲ. ಯಾಕೆ?"

ಆ ದಿನ ನಾನು ಏನೋ ಹೇಳಿ ಪಾಠ ಮುಂದುವರಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ. ಸ್ವಲ್ಪ ಉದ್ದವಾಗಿದೆ, ಪೋಷಕರು ಜೊತೆಗೆ ಕೂತು ಓದಿದರೆ ಒಳ್ಳೆಯದು.

ಮೊದಲು ನಮ್ಮ ಬಡಾವಣೆಯಿಂದಲೇ ಶುರು ಮಾಡೋಣ. ದೇರಾದಲ್ಲಿ ಕ್ರೀಕಿಗೂ ವಿಮಾನ ನಿಲ್ದಾಣಕ್ಕೂ ನಡುವೆ ಇರುವ ಜಾಗ ಅಲ್ ಮುರಕ್ಕಬಾತ್. ಒಂದು ಕಡೆ ರಿಗ್ಗಾ ರಸ್ತೆ, ಇನ್ನೊಂದು ಕಡೆ ಸಲಾಹುದ್ದೀನ್ ರಸ್ತೆ. ಮಕ್ಕಳೇ, ನೀವು ಅರಬ್ಬಿ ತರಗತಿಯಲ್ಲಿ ಮೂರಕ್ಷರದ ಧಾತುಗಳನ್ನು ಕಲಿಯುತ್ತೀರಲ್ಲ, ಈ ಹೆಸರಿನಲ್ಲೂ ಅಂಥದ್ದೊಂದಿದೆ. ಆ ಧಾತುವಿಗೆ ಕಾವಲು ಕಾಯುವುದು, ಗಮನವಿಟ್ಟು ನೋಡುವುದು ಎಂಬ ಅರ್ಥ. ದೇರಾದ ಹೊರಗಡೆ ಒಂದು ಕಾಲದಲ್ಲಿ ಕಾವಲು ಗೋಪುರಗಳಿದ್ದವು. 1870ರಲ್ಲಿ ಕಟ್ಟಿದ ಬುರ್ಜ್ ನಹರ್ ಇಂದಿಗೂ ನಮ್ಮ ಮನೆಗಳಿಂದ ದೂರವಿಲ್ಲ. ಅಲ್ಲಿಂದಾಚೆಗೆ ಬರಿ ಮರಳು. ಈಗ ಲಿಫ್ಟ್ ಕಾಯುತ್ತಾ ನಿಲ್ಲುವ ಈ ಜಾಗದಲ್ಲಿ ಆಗ ನಿಂತು ನೋಡುತ್ತಿದ್ದವನು ಕಾವಲುಗಾರ.

ಕರಾವಳಿಗೂ ಈ ಕಡಲಿಗೂ ನಂಟು ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿಯುತ್ತಿದ್ದವು. ಭಟ್ಕಳದ ನವಾಯತರು ಆ ವ್ಯಾಪಾರದ ಕಾಲದಿಂದಲೂ ಕಡಲಾಚೆಯವರ ಜೊತೆ ಬೆರೆತವರು. ಆದರೆ ಹಾಗೆ ಬಂದು ಹೋದವರು ವ್ಯಾಪಾರಿಗಳು, ನಾವಿಕರು. ಹಾಯಿಹಡಗು ಗಾಳಿಯನ್ನು ನಂಬಿಕೊಂಡು ಹೋಗಿ ಗಾಳಿ ತಿರುಗಿದಾಗ ವಾಪಸು ಬರುತ್ತಿತ್ತು. ಅದರಲ್ಲಿ ಹೆಂಡತಿ ಮಕ್ಕಳಿಗೆ ಜಾಗ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ದುಬೈ ಮುಂಬಯಿಯ ಒಂದು ದೂರದ ಪೇಟೆಯಂತೆ ಇತ್ತು ಎಂದರೆ ತಪ್ಪಾಗಲಾರದು. ಇಲ್ಲಿನ ಮುತ್ತು ಮುಂಬಯಿಯಲ್ಲಿ ಮಾರಾಟವಾಗುತ್ತಿತ್ತು. 1909ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆದಾಗ ಅದು ಭಾರತದ ಅಂಚೆ ಇಲಾಖೆಗೆ ಸೇರಿತ್ತು, ಅಂಟಿಸುತ್ತಿದ್ದದ್ದು ಭಾರತದ ಸ್ಟಾಂಪು. ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು; ನೋಟಿನ ಸಂಖ್ಯೆಯ ಮುಂದೆ ಝಡ್ ಅಕ್ಷರ ಇರುತ್ತಿತ್ತು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ರೂಪಾಯಿಯನ್ನು ಬಿಟ್ಟಿತು. ನಾವು ಈಗ ಬಳಸುವ ದಿರ್ಹಂ ಬಂದದ್ದು 1973ರಲ್ಲಿ. ಊರಲ್ಲಿ ಅಜ್ಜಂದಿರು ಇವತ್ತಿಗೂ "ಅಲ್ಲಿ ಎಷ್ಟು ರೂಪಾಯಿ ಸಂಬಳ?" ಎಂದು ಕೇಳಿದರೆ ನಗಬೇಡಿ. ಒಂದು ಕಾಲದಲ್ಲಿ ಅದು ಸರಿಯಾದ ಪ್ರಶ್ನೆಯೇ ಆಗಿತ್ತು.

ಬರುವ ದಾರಿ ಹೇಗಿತ್ತು? ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಮುಂಬಯಿಯಿಂದ ಕರಾಚಿ, ಮಸ್ಕತ್ ದಾಟಿ ದುಬೈಗೆ ಬಂದು, ಮುಂದೆ ಬಹರೇನ್, ಕುವೈತ್, ಬಸ್ರಾವರೆಗೆ ಹೋಗುತ್ತಿದ್ದವು. ದ್ವಾರಕಾ, ದುಮ್ರಾ, ದರೇಸಾ, ದಾರಾ ಇವು ಆ ಹಡಗುಗಳ ಹೆಸರು. ಬಡವರು ಡೆಕ್ಕಿನಲ್ಲಿ ತಮ್ಮದೇ ಹಾಸಿಗೆ ಬಿಚ್ಚಿ ಮಲಗಿ ಬರುತ್ತಿದ್ದರು. ಕ್ರೀಕಿನಲ್ಲಿ ಹೂಳು ತುಂಬಿದ್ದರಿಂದ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಕಡಲಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಿಗೆ ಇಳಿಸುತ್ತಿದ್ದರು. 1961ರ ಏಪ್ರಿಲ್ 8ರಂದು ದುಬೈ ಬಳಿ ದಾರಾ ಹಡಗಿನಲ್ಲಿ ಸ್ಫೋಟವಾಗಿ 238 ಜನ ತೀರಿಕೊಂಡರು. ಆ ಮೇಲೂ ಹಡಗುಗಳು ನಿಲ್ಲಲಿಲ್ಲ, ಜನರೂ ನಿಲ್ಲಲಿಲ್ಲ. ದ್ವಾರಕಾದ ಕೊನೆಯ ಯಾನ ಮುಗಿದದ್ದು 1982ರಲ್ಲಿ. ಅಂದರೆ ನಿಮ್ಮ ಅಪ್ಪ ಅಮ್ಮ ಹುಟ್ಟುವ ಹೊತ್ತಿಗೂ ಹಡಗಿನಲ್ಲಿ ದುಬೈಗೆ ಬರುವವರಿದ್ದರು.

ಕುಂದಾಪುರದವನೋ ಪುತ್ತೂರಿನವನೋ ಈ ಹಡಗು ಹತ್ತಬೇಕಾದರೆ ಮೊದಲು ಮುಂಬಯಿ ಸೇರಬೇಕಿತ್ತು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ; ಅದಕ್ಕೂ ಮುಂಚೆ ರಾತ್ರಿ ಹಗಲು ಬಸ್ಸೇ ಗತಿ. ಆದರೆ ಮುಂಬಯಿ ನಮ್ಮವರಿಗೆ ಅಪರಿಚಿತ ಊರಲ್ಲ. ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹುಡುಗರ ಊರು ಅದು. ಅಲ್ಲಿನ ಮಹಾನಗರ ಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ದುಬೈ ಕನ್ನಡಿಗರ ಚರಿತ್ರೆಯನ್ನು ಮುಂಬಯಿಯ ಒಂದು ಅಧ್ಯಾಯವಾಗಿ ಓದಬೇಕು. ಮನೆಯ ಒಬ್ಬ ಗಂಡುಮಗ ಹೋಗುವುದು, ಹಣ ಕಳಿಸುವುದು, ತಮ್ಮನನ್ನೋ ಸೋದರಳಿಯನನ್ನೋ ಕರೆಸಿಕೊಳ್ಳುವುದು: ಈ ಕ್ರಮ ಅಲ್ಲೇ ರೂಢಿಯಾಗಿತ್ತು. ಹೆಂಡತಿ ಮಕ್ಕಳು ಊರಲ್ಲಿರುವುದೂ ಅಲ್ಲಿಂದಲೇ ಬಂದ ರೂಢಿ.

ಇನ್ನು 1973, 74. ಆ ಎರಡು ವರ್ಷಗಳಲ್ಲಿ ಎರಡು ಕಡೆ ಎರಡು ಸಂಗತಿ ನಡೆದವು. ಇಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ದುಬೈಗೆ ತೈಲ ಸಿಕ್ಕಿದ್ದು 1966ರಲ್ಲಿ, ರಫ್ತು ಶುರುವಾದದ್ದು 1969ರಲ್ಲಿ; ಈಗ ಬಂದರು, ರಸ್ತೆ, ಆಸ್ಪತ್ರೆ, ವಿದ್ಯುತ್ತು ಎಲ್ಲಕ್ಕೂ ಜನ ಬೇಕಾದರು. ಅಲ್ಲಿ ದೇವರಾಜ ಅರಸರ ಸರಕಾರ 1974ರಲ್ಲಿ ಭೂಸುಧಾರಣೆಯನ್ನು ಬಿಗಿಯಾಗಿ ಜಾರಿಗೆ ತಂದು ಉಳುವವನಿಗೆ ಹೊಲ ಕೊಟ್ಟಿತು. ಗೇಣಿಯ ಅಕ್ಕಿ ನಂಬಿಕೊಂಡಿದ್ದ ಮನೆಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. ಭೂಮಿ ಸಿಕ್ಕ ಒಕ್ಕಲು ಮನೆಗಳ ಮಕ್ಕಳು ಧೈರ್ಯವಾಗಿ ಶಾಲೆಗೆ ಹೋಗುವಂತಾಯಿತು. ಎರಡೂ ಬಗೆಯ ಮನೆಗಳಿಂದ ಜನ ಕೊಲ್ಲಿಗೆ ಬಂದರು. ಇದೊಂದೇ ಕಾರಣ ಎಂದು ಹೇಳಲಾರೆ, ಆದರೆ ಕರಾವಳಿಯ ಎಷ್ಟೋ ಮನೆಗಳ ಕಥೆಯಲ್ಲಿ ಈ ಎರಡು ಇಸವಿಗಳು ಅಕ್ಕಪಕ್ಕ ಕೂತಿವೆ.

1968ರ ಜನಗಣತಿಯಲ್ಲಿ ದುಬೈಯಲ್ಲಿದ್ದವರು ಸುಮಾರು 59,000. 1975ರಲ್ಲಿ ಅದು 1,83,000 ದಾಟಿತು. ಏಳು ವರ್ಷದಲ್ಲಿ ಮೂರು ಪಟ್ಟು! ಬಂದವರಲ್ಲಿ ಬಹಳ ಹೆಚ್ಚಿನವರು ಒಂಟಿ ಗಂಡಸರು. ಆ ಹುಡುಗಿಯ ಅಜ್ಜನೂ ಆ ಅಲೆಯ ಬಾಲದಲ್ಲಿ, 1978ರಲ್ಲಿ, ಒಂದು ಕಾರ್ಖಾನೆಯ ಕೆಲಸಕ್ಕೆ ಬಂದವರು.

ಈಗ ಅವಳ ಪ್ರಶ್ನೆಗೆ ಹತ್ತಿರ ಬಂದೆವು. ಹೆಂಡತಿ ಮಕ್ಕಳನ್ನು ಕರೆತರಲು ಮನಸ್ಸಿದ್ದರೆ ಸಾಲದು. ಈ ದೇಶದಲ್ಲಿ ಆಗ ಇದ್ದ ಪ್ರವೇಶ ಮತ್ತು ವಾಸದ ಕಾನೂನು 1973ರದ್ದು. ಅದರ ಪ್ರಕಾರ ಹೊರಗಿನವರಿಗೆ ಒಬ್ಬ ಪ್ರಾಯೋಜಕ ಬೇಕಿತ್ತು. ಕೆಲಸಗಾರನಿಗೆ ಕಂಪನಿ ಪ್ರಾಯೋಜಕ; ಹೆಂಡತಿ ಮಕ್ಕಳಿಗೆ ಆ ಕೆಲಸಗಾರನೇ ಪ್ರಾಯೋಜಕ. ಆದರೆ ಎಲ್ಲರಿಗೂ ಆ ಅವಕಾಶ ಇರಲಿಲ್ಲ. ದಶಕಗಳ ಕಾಲ ಸಂಬಳದ ಜೊತೆಗೆ ಹುದ್ದೆಯನ್ನೂ ನೋಡುತ್ತಿದ್ದರು. ವೀಸಾದಲ್ಲಿ ಅಕೌಂಟೆಂಟ್, ಇಂಜಿನಿಯರ್ ಎಂದಿದ್ದರೆ ಒಂದು ದಾರಿ. ಹೆಲ್ಪರ್, ಲೇಬರ್ ಎಂದಿದ್ದರೆ ಬಾಗಿಲು ಮುಚ್ಚಿದ ಹಾಗೆಯೇ. ಆಸೆಪಟ್ಟು ಓವರ್‌ಟೈಮ್ ಮಾಡಿ ಸಂಬಳ ಹೆಚ್ಚಿಸಿಕೊಂಡರೂ ವೀಸಾದ ಮೇಲಿನ ಆ ಒಂದು ಪದ ಬದಲಾಗುತ್ತಿರಲಿಲ್ಲ. ಹುದ್ದೆಯ ಷರತ್ತು ಹೋಗಿ ಆದಾಯವನ್ನಷ್ಟೇ ನೋಡುವ ನಿಯಮ ಬಂದದ್ದು 2019ರ ಜುಲೈಯಲ್ಲಿ: 4,000 ದಿರ್ಹಂ, ಇಲ್ಲವೇ 3,000 ಮತ್ತು ವಸತಿ. ಅಜ್ಜ ಊರಿಗೆ ಮರಳಿದ್ದು 1997ರಲ್ಲಿ.

ಮಗೂ, ನಿನ್ನ ಅಜ್ಜ ಅಜ್ಜಿಯನ್ನು ಬಿಟ್ಟು ಬಂದದ್ದಲ್ಲ. ಕರೆತರಲು ಅವರಿಗೆ ಆಗುತ್ತಿರಲಿಲ್ಲ. ಇದನ್ನು ನಿನ್ನ ಅಪ್ಪನಿಗೂ ಓದಿ ಹೇಳು. ಎರಡು ವರ್ಷಕ್ಕೊಮ್ಮೆ ಬಂದು, ಪರಿಚಯವಾಗುವಷ್ಟರಲ್ಲಿ ಹೊರಟುಹೋಗುವ ಅಪ್ಪನ ಮೇಲೆ ಮಕ್ಕಳಿಗೆ ಒಳಗೊಳಗೆ ಸಿಟ್ಟಿರುತ್ತದೆ. ಆ ಸಿಟ್ಟು ಕೆಲವರಿಗೆ ನಲವತ್ತು ದಾಟಿದರೂ ಹೋಗುವುದಿಲ್ಲ.

ಕಾಗದ ಊರು ತಲುಪಲು ದಿನಗಳು ಹಿಡಿಯುತ್ತಿದ್ದವು. ಇಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವ ಪದ್ಧತಿ ಇರಲಿಲ್ಲ; ಕಂಪನಿಯ ಅಂಚೆಪೆಟ್ಟಿಗೆಯ ಸಂಖ್ಯೆಯೇ ವಿಳಾಸ. ಊರಿನ ಮಕ್ಕಳಿಗೆ ಅಪ್ಪ ಇರುವ ಬೀದಿ ಗೊತ್ತಿಲ್ಲ, ಪೆಟ್ಟಿಗೆಯ ಸಂಖ್ಯೆ ಬಾಯಿಪಾಠ. ಎಪ್ಪತ್ತರ ದಶಕದ ಕೊನೆಗೆ ಟೇಪ್ ರೆಕಾರ್ಡರ್ ಬಂತು. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ಕರಾವಳಿಯಿಡೀ ರೂಢಿಯಾಯಿತು. ಮನೆಮಂದಿ ಸುತ್ತ ಕೂತು ಕೇಳಿ, ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಉತ್ತರ ತುಂಬಿಸುತ್ತಿದ್ದರು. ಹಿನ್ನೆಲೆಯಲ್ಲಿ ಕೋಳಿ ಕೂಗು, ಮಳೆಯ ಸದ್ದು. ದೇರಾದ ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುತ್ತಿದ್ದ ಕಾಲದಲ್ಲಿ ಹೆಂಡತಿಯ ದನಿಯನ್ನು ಗುಟ್ಟಾಗಿ ಕೇಳುವುದು ಹೇಗೆ? ಎಲ್ಲರೂ ಹೊರಗೆ ಹೋಗುವ ಶುಕ್ರವಾರದ ಮಧ್ಯಾಹ್ನಕ್ಕಾಗಿ ಕಾಯುತ್ತಿದ್ದರಂತೆ.

ಕುಟುಂಬ ತರಲು ಅನುಮತಿ ಇದ್ದವರಿಗಾದರೂ ಸುಲಭವಿತ್ತೇ? ಇಲ್ಲಿ ನೆರೆಯ ಕೇರಳದ ಒಂದು ಮನೆಯ ಕಥೆ ಹೇಳಬೇಕು. ರಾನ್ನಿಯ ಕೆ. ಎಸ್. ವರ್ಕಿ ಮತ್ತು ಮರಿಯಮ್ಮ ಎಂಬ ದಂಪತಿ 1959ರಲ್ಲಿ ದುಬೈಗೆ ಬಂದರು. ಮಗ ಸನ್ನಿಗೆ ಆಗ ಎರಡು ವರ್ಷ. ಇಲ್ಲಿನವರಿಗೆ ಇಂಗ್ಲಿಷ್ ಕಲಿಸುವುದು ಅವರ ಕೆಲಸ. 1961ರವರೆಗೆ ದುಬೈಯಲ್ಲಿ ಮನೆಗಳಿಗೆ ಸಾರ್ವಜನಿಕ ವಿದ್ಯುತ್ ಪೂರೈಕೆ ಇರಲಿಲ್ಲ. ಆಸ್ಪತ್ರೆ ಎಂದರೆ 1951ರಲ್ಲಿ ದೇರಾದಲ್ಲಿ ಶುರುವಾದ ಅಲ್ ಮಕ್ತೂಮ್ ಆಸ್ಪತ್ರೆ. ಊರಿಗೆಲ್ಲ ಪಾಠ ಹೇಳುತ್ತಿದ್ದ ಆ ದಂಪತಿ ತಮ್ಮ ಮಗನನ್ನು ಮಾತ್ರ ಎಳೆಯ ವಯಸ್ಸಿನಲ್ಲೇ ಕೇರಳದ ವಸತಿ ಶಾಲೆಗೆ ಕಳಿಸಿದರು. 1968ರಲ್ಲಿ ಅವರೇ ಅವರ್ ಓನ್ ಇಂಗ್ಲಿಷ್ ಹೈಸ್ಕೂಲ್ ಆರಂಭಿಸಿದರು. ಮುಂದೆ ಆ ಮಗ ಅದನ್ನು ಜೆಮ್ಸ್ ಎಂಬ ದೊಡ್ಡ ಶಾಲಾ ಸಂಸ್ಥೆಯಾಗಿ ಬೆಳೆಸಿದರು. ಇಂಡಿಯನ್ ಹೈಸ್ಕೂಲ್ ಅದಕ್ಕೂ ಮೊದಲು, 1961ರಲ್ಲಿ ಶುರುವಾಗಿತ್ತು. ಸೇಂಟ್ ಮೇರೀಸ್ ಕ್ಯಾಥೊಲಿಕ್ ಹೈಸ್ಕೂಲ್ ಕೂಡ 1968ರದ್ದೇ.

ಈ ಶಾಲೆಗಳ ಹುಟ್ಟಿದ ಇಸವಿಗಳು ನಮ್ಮ ಚರಿತ್ರೆಗೆ ತೈಲ ಸಿಕ್ಕ ಇಸವಿಗಿಂತ ಮುಖ್ಯ ಎನ್ನುವುದು ನನ್ನ ವಾದ. ತೈಲ ಅಪ್ಪಂದಿರನ್ನು ಕರೆಯಿತು. ಮಕ್ಕಳನ್ನು ಕರೆಸಿದ್ದು ಶಾಲೆ. 1963ರಲ್ಲಿ ಅಲ್ ಮಕ್ತೂಮ್ ಸೇತುವೆ ಆದಮೇಲೆ ಕ್ರೀಕಿನ ಎರಡು ದಡಗಳು ಕೂಡಿದವು. ಅದಕ್ಕೂ ಮುಂಚೆ ದೇರಾದಿಂದ ಆಚೆ ದಡಕ್ಕೆ ಅಬ್ರಾ ದೋಣಿ ಹತ್ತಬೇಕು, ಇಲ್ಲವೇ ಕ್ರೀಕಿನ ತುದಿಯನ್ನು ಸುತ್ತಿ ಬರಬೇಕು. ಸೇತುವೆಯ ಹತ್ತಿರ ಗಡಿಯಾರ ಗೋಪುರ ಎದ್ದಿತು, ಅದರಾಚೆ ರಿಗ್ಗಾ, ಮುರಕ್ಕಬಾತ್ ಕಡೆಗೆ ಕಟ್ಟಡಗಳು ಬೆಳೆದವು. 1981ರಲ್ಲಿ ಅಲ್ ಘುರೈರ್ ಸೆಂಟರ್ ತೆರೆಯಿತು. ಎಸಿ ಹಾಕಿದ ಅಂಗಡಿಸಾಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಸುಮ್ಮನೆ ತಿರುಗಾಡುವ ಅಭ್ಯಾಸ ಆ ಸುತ್ತಿನ ಕುಟುಂಬಗಳಿಗೆ ಆಗಿನಿಂದಲೇ ಬಂದಿರಬೇಕು.

ಅಬುಧಾಬಿಯ ಮಾತೂ ಒಂದಿಷ್ಟು. ಉಡುಪಿ ಕಡೆಯ ಬಿ. ಆರ್. ಶೆಟ್ಟಿ 1973ರಲ್ಲಿ ಅಲ್ಲಿಗೆ ಬಂದು ಔಷಧ ಮಾರುತ್ತಿದ್ದರು. 1975ರಲ್ಲಿ ಎನ್‌ಎಂಸಿ ಎಂಬ ಸಣ್ಣ ಚಿಕಿತ್ಸಾಲಯ ಆರಂಭವಾದಾಗ ರೋಗಿಗಳನ್ನು ನೋಡುತ್ತಿದ್ದ ವೈದ್ಯೆ ಅವರ ಪತ್ನಿ ಚಂದ್ರಕುಮಾರಿ. ಮುಂದೆ ಆ ಸಂಸ್ಥೆ ಏರಿದ್ದು, ಬಿದ್ದದ್ದು ಬೇರೆಯೇ ಕಥೆ. ಗಂಡ ಮೊದಲು ಬಂದು ಹೆಂಡತಿ ಹಿಂದೆ ಬರುವ ಕಥೆಗಳನ್ನೇ ಕೇಳಿರುವ ನಮಗೆ, ಕೆಲಸ ಮಾಡುವ ಹೆಂಗಸರೂ ಈ ಚರಿತ್ರೆಯ ಮೊದಲ ಪುಟಗಳಲ್ಲೇ ಇದ್ದಾರೆ ಎಂದು ನೆನಪಿಸಲು ಇದನ್ನು ಹೇಳಿದೆ. ನರ್ಸುಗಳು, ಟೀಚರುಗಳು, ವೈದ್ಯೆಯರು. ನಮ್ಮ ತರಗತಿಯ ಆ ಹುಡುಗನ ಉತ್ತರ ಸರಿಯಾಗಿಯೇ ಇತ್ತು.

ಎಂಬತ್ತು, ತೊಂಬತ್ತರ ದಶಕದಲ್ಲಿ ಕುಟುಂಬಗಳು ಹೆಚ್ಚಾದವು. ಒಂದು ಫ್ಲಾಟಿನಲ್ಲಿ ಎರಡು ಸಂಸಾರ, ಒಂದೇ ಅಡುಗೆಮನೆ. ಯಾರು ಎಷ್ಟು ಹೊತ್ತಿಗೆ ಒಲೆ ಹಚ್ಚುವುದು, ಯಾರ ಡಬ್ಬಿಯಲ್ಲಿ ಒಣಮೀನು ಇದೆ ಎಂದೆಲ್ಲ ಜಗಳ, ಮತ್ತೆ ಸಂಜೆಗೆ ರಾಜಿ. ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ ಆಡಿ, ಲಿಫ್ಟಿನಲ್ಲಿ ಹಿಂದಿ, ಕೆಳಗಿನ ಗ್ರೋಸರಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಅರಬ್ಬಿ ಆಡುತ್ತಿದ್ದರು. ಈಗಲೂ ಹಾಗೆಯೇ. ಆದರೆ ಕನ್ನಡ ಓದುವುದು ಬರೆಯುವುದು ಹೆಚ್ಚಿನ ಶಾಲೆಗಳಲ್ಲಿ ಸಿಗಲಿಲ್ಲ. ಮಲಯಾಳಿ ಮಕ್ಕಳಿಗೆ ಕೆಲವು ಕಡೆ ಮಲಯಾಳ ಸಿಕ್ಕಿತು. ಅವರ ಸಂಖ್ಯೆ ದೊಡ್ಡದು. ನಮ್ಮವರು ಸಂಘಗಳನ್ನು ಕಟ್ಟಿ, ರಾಜ್ಯೋತ್ಸವಕ್ಕೆ ಮಕ್ಕಳ ಕೈಯಲ್ಲಿ ಹಾಡು ಹೇಳಿಸಿದರು. ಹಾಡಿನ ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡಿದ ಮಕ್ಕಳು ಈಗ ನಮ್ಮ ಶಾಲೆಯ ಪೋಷಕರಾಗಿದ್ದಾರೆ! ಅವರಲ್ಲಿ ಕೆಲವರು ಮಗುವಿನ ಹಿಂದಿನ ಬೆಂಚಿನಲ್ಲಿ ಕೂತು ತಾವೂ ಕಾಗುಣಿತ ತಿದ್ದುತ್ತಿರುವುದನ್ನು ನಾನು ಕಂಡಿದ್ದೇನೆ.

ಶಾಲೆಯ ಕ್ಯಾಲೆಂಡರು ಇನ್ನೊಂದು ಸಂಗತಿಯನ್ನು ಸದ್ದಿಲ್ಲದೆ ಬದಲಾಯಿಸಿತು. ಇಲ್ಲಿನ ಭಾರತೀಯ ಶಾಲೆಗಳು ಏಪ್ರಿಲಿನಲ್ಲಿ ಶುರುವಾಗಿ, ಜುಲೈ ಆಗಸ್ಟಿನಲ್ಲಿ ರಜೆ ಕೊಡುತ್ತವೆ. ಕರ್ನಾಟಕದಲ್ಲಿ ಆ ಹೊತ್ತಿಗೆ ಶಾಲೆ ನಡೆಯುತ್ತಿರುತ್ತದೆ. ಹಾಗಾಗಿ ನಮ್ಮ ಮಕ್ಕಳು ಊರಿಗೆ ಹೋಗುವುದು ಆಷಾಢದ ಜಡಿಮಳೆಯಲ್ಲಿ. ಮಾವಿನಹಣ್ಣು ಮುಗಿದಿರುತ್ತದೆ. ನವೆಂಬರಿನಿಂದ ಮೇವರೆಗೆ ತಿರುಗಾಟ ಮಾಡುವ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಟ್ಟಿರುತ್ತವೆ. ನೇಮ ಕೋಲಗಳೂ ಮುಗಿದಿರುತ್ತವೆ. ಓರಗೆಯ ಅಣ್ಣ ತಂಗಿಯರು ಬೆಳಿಗ್ಗೆ ಕೊಡೆ ಹಿಡಿದು ಶಾಲೆಗೆ ಹೋದರೆ, ದುಬೈಯಿಂದ ಬಂದ ಮಗು ಜಗಲಿಯಲ್ಲಿ ಕೂತು ಮಳೆ ನೋಡುತ್ತದೆ. ಎಷ್ಟೋ ಮಕ್ಕಳಿಗೆ ಊರೆಂದರೆ ಮಳೆ ಮಾತ್ರ. ಅಜ್ಜಿಮನೆಯ ಅಂಗಳವನ್ನು ಒಣಗಿದ್ದು ನೋಡಿಯೇ ಇಲ್ಲ ಎಂದು ಏಳನೆಯ ತರಗತಿಯ ಒಬ್ಬ ಬರೆದಿದ್ದ.

ಹೋಗುವ ದಾರಿ ಮಾತ್ರ ಸಲೀಸಾಯಿತು. 2006ರಲ್ಲಿ ದುಬೈಯಿಂದ ಮಂಗಳೂರಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ನೇರ ವಿಮಾನ ಬಂತು. ಮುಂಬಯಿಯಲ್ಲಿ ಮಕ್ಕಳನ್ನೂ ಪೆಟ್ಟಿಗೆಗಳನ್ನೂ ಎಳೆದುಕೊಂಡು ಟರ್ಮಿನಲ್ ಬದಲಾಯಿಸುವ ಕಷ್ಟ ತಪ್ಪಿತು. ಅದೇ ದಾರಿಯಲ್ಲಿ 2010ರ ಮೇ 22ರ ಬೆಳಿಗ್ಗೆ ಬಜಪೆಯಲ್ಲಿ ಇಳಿಯುತ್ತಿದ್ದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಬದುಕುಳಿದರು. ಇದನ್ನು ಮಕ್ಕಳ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಯೋಚಿಸಿದೆ. ಅಪ್ಪ ಅಮ್ಮ ಮೇ ತಿಂಗಳಲ್ಲಿ ಒಂದು ದಿನ ಯಾಕೆ ಸುಮ್ಮನಾಗುತ್ತಾರೆ ಎಂದು ಮಕ್ಕಳಿಗೂ ತಿಳಿದಿರಲಿ ಎನಿಸಿತು.

ಇಲ್ಲಿ ಬೇರೂರಿದ್ದೇವೆ ಎಂಬ ಧೈರ್ಯ ನಮ್ಮವರಿಗೆ ಯಾವತ್ತೂ ಪೂರ್ತಿ ಬರಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತನ್ನು ಹೊಕ್ಕಾಗ ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ತರಬೇಕಾಯಿತು. ಅವರಲ್ಲಿ ಕರಾವಳಿಯ ಸಂಸಾರಗಳೂ ಇದ್ದವು. ಶಾಲೆ, ಮನೆ, ಬ್ಯಾಂಕಿನ ಹಣ ಎಲ್ಲ ಅಲ್ಲೇ ಬಿಟ್ಟು, ಮಕ್ಕಳ ಕೈ ಹಿಡಿದು ಬಂದರು. 2020ರಲ್ಲಿ ಕೊರೊನಾ ಬಂದಾಗ ಮತ್ತೆ ಹಾಗೆಯೇ ಕಾಯಬೇಕಾಯಿತು. ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಹೋಯಿತು. ಗಂಡುಮಕ್ಕಳನ್ನು ತಂದೆತಾಯಿ 25 ವರ್ಷದವರೆಗೂ ತಮ್ಮ ವೀಸಾದಲ್ಲಿ ಇಟ್ಟುಕೊಳ್ಳಬಹುದು ಎಂಬ ನಿಯಮ ಬಂದದ್ದು 2022ರ ಅಕ್ಟೋಬರಿನಲ್ಲಷ್ಟೇ. ಅದಕ್ಕೂ ಮುಂಚೆ ಹನ್ನೆರಡನೆಯ ತರಗತಿ ಮುಗಿಯುತ್ತಿದ್ದ ಹಾಗೆ ಎಷ್ಟೋ ಮನೆಗಳಲ್ಲಿ ಲೆಕ್ಕ ಶುರುವಾಗುತ್ತಿತ್ತು: ಮಗ ಮಣಿಪಾಲಕ್ಕೋ ಮಂಗಳೂರಿಗೋ, ಅಮ್ಮ ಜೊತೆಗೆ ಹೋಗುವುದೋ ಇಲ್ಲಿರುವುದೋ. ಅಪ್ಪ ಮತ್ತೆ ಒಂಟಿ.

ಮೊನ್ನೆ ಆ ಹುಡುಗಿಯ ಅಪ್ಪ ಅವಳನ್ನು ಕರೆದುಕೊಂಡು ಹೋಗಲು ಬಂದಾಗ ಈ ಬರಹದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪನ ಹಳೆ ಪಾಸ್‌ಪೋರ್ಟು ಊರಲ್ಲಿ ಅಮ್ಮನ ಕಪಾಟಿನಲ್ಲಿದೆ. ವೀಸಾದಲ್ಲಿ ಏನು ಬರೆದಿತ್ತು ಅಂತ ನಾನು ಯಾವತ್ತೂ ನೋಡಿಲ್ಲ ಮೇಡಂ. ಈ ಸಲ ಹೋದಾಗ ನೋಡ್ತೇನೆ" ಎಂದರು.

ಜುಲೈಯಲ್ಲಿ ಊರಿಗೆ ಹೋಗುವ ಮಕ್ಕಳೇ, ನಿಮ್ಮ ಮನೆಯ ಕಪಾಟುಗಳಲ್ಲೂ ಅಂಥ ಪಾಸ್‌ಪೋರ್ಟು, ಅಂಚೆಪೆಟ್ಟಿಗೆ ಸಂಖ್ಯೆ ಬರೆದ ಲಕೋಟೆ, ಹಳೆಯ ಕ್ಯಾಸೆಟ್ಟು ಸಿಕ್ಕರೆ ದೊಡ್ಡವರನ್ನು ಕೇಳಿ ಒಂದು ಫೋಟೋ ತೆಗೆದುಕೊಂಡು ಬನ್ನಿ. ಕ್ಯಾಸೆಟ್ಟು ಇನ್ನೂ ಹಾಡುತ್ತಿದ್ದರೆ ಅಜ್ಜಿಯ ಪಕ್ಕ ಕೂತು ಕೇಳಿ, ಏನು ಕೇಳಿಸಿತು ಎಂದು ನಾಲ್ಕು ಸಾಲು ಬರೆಯಿರಿ. ಸೆಪ್ಟೆಂಬರಿನ ಮೊದಲ ತರಗತಿಯಲ್ಲಿ ಓದೋಣ.